ನೀರು ಬಿಡದ ವಿಮಾನ: ಗ್ಲೆನ್ ಕರ್ಟಿಸ್‌ನ ಕಥೆ

ಎರಡನೇ ಇಂಟರ್ನಲ್ಸ್ ಮುಗಿದ ರಾತ್ರಿ. ನಮ್ಮ ಹಾಸ್ಟೆಲ್ ರೂಮಿನಲ್ಲಿ ಒಂದು ಲ್ಯಾಪ್‌ಟಾಪ್, ಒಂದು ಸೆಕೆಂಡ್ ಹ್ಯಾಂಡ್ ಜಾಯ್‌ಸ್ಟಿಕ್, ನಾಲ್ಕು ಜನ ನಾವು. ಫ್ಲೈಟ್ ಸಿಮ್ಯುಲೇಟರ್‌ನಲ್ಲಿ ರನ್‌ವೇಯಿಂದ ಏಳುವ ವಿಮಾನಗಳನ್ನೆಲ್ಲ ಹಾರಿಸಿ ಬೇಜಾರಾಗಿತ್ತು. ಅದಕ್ಕೆ ಒಂದು ಫ್ಲೈಯಿಂಗ್ ಬೋಟ್ ಆರಿಸಿಕೊಂಡ್ವಿ. ಅಂದ್ರೆ ಹಾರುವ ದೋಣಿ. ಇದು ಮಾಮೂಲಿ ವಿಮಾನಕ್ಕೆ ಕೆಳಗೆ ತೇಲು ಕಟ್ಟಿದ್ದಲ್ಲ, ಇದರ ಹೊಟ್ಟೆಯೇ ದೋಣಿ. ಸರೋವರದ ಮಧ್ಯೆ ನಿಲ್ಲಿಸಿ ಥ್ರಾಟಲ್ ಪೂರ್ತಿ ಕೊಟ್ವಿ. ಟಾರ್ ರೋಡಿನ ಮೇಲೆ ಬೈಕ್ ಹೋದ ಹಾಗೆ ಸೀದಾ ಓಡಿ ಮೇಲೆದ್ದಿತು. ಇಳಿಸುವಾಗಲೂ ಅಷ್ಟೇ, ಕಾಂಕ್ರೀಟ್ ಮೇಲೆ ಇಳಿದ ಹಾಗೆ ಟಪ್ ಅಂತ ಕೂತಿತು. ನೀರು ನೋಡೋಕೆ ತುಂಬಾ ಚೆನ್ನಾಗಿತ್ತು. ಅಲೆ ಇತ್ತು, ಬಿಸಿಲಿನ ಹೊಳಪಿತ್ತು, ದಡದ ಮರಗಳ ನೆರಳಿತ್ತು. ಆದರೆ ವಿಮಾನಕ್ಕೆ ಅದು ನೀರು ಅಂತ ಗೊತ್ತಿದ್ದ ಹಾಗೆ ಕಾಣಲಿಲ್ಲ.

ನಮ್ಮಲ್ಲೊಬ್ಬ ಯಾರೋ ಹವ್ಯಾಸಿ ಮಾಡಿದ ಇನ್ನೊಂದು ಮಾಡೆಲ್ ಹುಡುಕಿ ಇನ್‌ಸ್ಟಾಲ್ ಮಾಡಿದ. ನೀರಿನ ಬಲಗಳನ್ನೂ ಲೆಕ್ಕ ಹಾಕುತ್ತೆ ಅಂತ ಅದರ ಜೊತೆ ಬರೆದಿತ್ತು. ಈ ಸಲ ವಿಮಾನ ಮೇಲೇಳಲೇ ಇಲ್ಲ. ಮೂಗು ಎತ್ತಿಕೊಂಡು ನೀರನ್ನು ಉಳುತ್ತಾ ಹೋಗುತ್ತೆ, ವೇಗ ಒಂದು ಹಂತಕ್ಕೆ ಬಂದು ಅಲ್ಲೇ ನಿಂತುಬಿಡುತ್ತೆ. ಅರ್ಧ ಗಂಟೆ ಒದ್ದಾಡಿ, ಇದು ಬಗ್ ಅಂತ ತೀರ್ಪು ಕೊಟ್ಟು ಮಲಗಿದ್ವಿ. ಮಾರನೇ ದಿನ ಫ್ಲೂಯಿಡ್ ಮೆಕ್ಯಾನಿಕ್ಸ್ ಸರ್ ಹತ್ರ ಹೇಳಿದರೆ ಅವರು ನಕ್ಕುಬಿಟ್ಟರು. ಎರಡನೆಯದು ಬಗ್ ಅಲ್ಲ, ಮೊದಲನೆಯದೇ ಬಗ್ ಅಂದ್ರು. ನೂರು ವರ್ಷಕ್ಕೂ ಹಿಂದೆ ನಿಜವಾದ ನೀರಿನಲ್ಲಿ ಹೀಗೇ ಸಿಕ್ಕಿಹಾಕಿಕೊಂಡವನೊಬ್ಬನಿದ್ದಾನೆ, ಅವನ ಬಗ್ಗೆ ಓದಿ ಅಂತ ಗ್ಲೆನ್ ಕರ್ಟಿಸ್ ಹೆಸರು ಹೇಳಿದರು. ನಾವು ಓದಿದ್ದನ್ನೇ ಇಲ್ಲಿ ಬರೆದಿದ್ದೀವಿ.

ಸೈಕಲ್ ಅಂಗಡಿಯಿಂದ ಶುರು

ಗ್ಲೆನ್ ಹ್ಯಾಮಂಡ್ ಕರ್ಟಿಸ್ ಹುಟ್ಟಿದ್ದು 1878ರ ಮೇ 21ರಂದು, ಅಮೆರಿಕದ ನ್ಯೂಯಾರ್ಕ್ ರಾಜ್ಯದ ಹ್ಯಾಮಂಡ್ಸ್‌ಪೋರ್ಟ್ ಎಂಬ ಸಣ್ಣ ಊರಿನಲ್ಲಿ. ಊರಿಗೆ ಅಂಟಿಕೊಂಡಂತೆ ಕ್ಯೂಕಾ ಎಂಬ ಉದ್ದನೆಯ ಸರೋವರ ಇದೆ. ಈ ಹೆಸರು ನೆನಪಿಟ್ಟುಕೊಳ್ಳಿ, ಕಥೆ ತಿರುಗಿ ತಿರುಗಿ ಇಲ್ಲಿಗೇ ಬರುತ್ತೆ. ಚಿಕ್ಕ ವಯಸ್ಸಿನಲ್ಲೇ ತಂದೆ ತೀರಿಕೊಂಡರು. ಮೆನಿಂಜೈಟಿಸ್ ಬಂದು ತಂಗಿ ರುಥಾಗೆ ಕಿವಿ ಕೇಳಿಸದಂತಾಯಿತು. ಕರ್ಟಿಸ್ ಶಾಲೆಗೆ ಹೋಗಿದ್ದು ಎಂಟನೇ ಕ್ಲಾಸಿನವರೆಗೆ ಮಾತ್ರ. ಮುಂದೆ ಕೊಡ್ಯಾಕ್ ಆದ ಈಸ್ಟ್‌ಮನ್ ಕಂಪನಿಯಲ್ಲಿ ಕೆಲಸಕ್ಕೆ ಸೇರಿದಾಗ, ಫಿಲ್ಮಿನ ಹಿಂಬದಿ ಕಾಗದದ ಮೇಲೆ ನಂಬರ್ ಹಾಕೋಕೆ ಒಂದು ಸ್ಟೆನ್ಸಿಲ್ ಸಾಧನ ಮಾಡಿಕೊಟ್ಟ. ಆಮೇಲೆ ಸೈಕಲ್ ಮೇಲೆ ಟೆಲಿಗ್ರಾಂ ಹಂಚಿದ, ಸೈಕಲ್ ರೇಸಿಗೆ ಇಳಿದ. 1898ರಲ್ಲಿ ಲೀನಾ ನೆಫ್ ಜೊತೆ ಮದುವೆಯಾಗಿ, ಹ್ಯಾಮಂಡ್ಸ್‌ಪೋರ್ಟ್‌ನಲ್ಲೇ ಸೈಕಲ್ ಅಂಗಡಿ ಇಟ್ಟ.

ಸೈಕಲ್‌ಗೆ ಎಂಜಿನ್ ಕೂರಿಸುವ ಹುಚ್ಚು ಹತ್ತಿದಾಗ ಕಾರ್ಬ್ಯುರೇಟರ್ ಮಾಡಿಕೊಂಡಿದ್ದು ಟೊಮ್ಯಾಟೊ ಡಬ್ಬಿಯಿಂದ. ಅಲ್ಲಿಂದ ಶುರುವಾಗಿ 1907ರ ಜನವರಿಯಲ್ಲಿ, ಫ್ಲೋರಿಡಾದ ಆರ್ಮಂಡ್ ಬೀಚಿನ ಮರಳಿನ ಮೇಲೆ ತನ್ನದೇ ವಿ-8 ಎಂಜಿನ್ನಿನ ಮೋಟಾರ್‌ಸೈಕಲನ್ನು ಗಂಟೆಗೆ 136 ಮೈಲಿ, ಅಂದ್ರೆ ಸುಮಾರು 219 ಕಿಲೋಮೀಟರ್ ವೇಗದಲ್ಲಿ ಓಡಿಸಿದ. ಬ್ರೇಕ್ ಅಂತ ಹೇಳಿಕೊಳ್ಳುವಂಥದ್ದು ಇಲ್ಲದ ಕಾಲದಲ್ಲಿ!

ಹಗುರವಾಗಿಯೂ ಶಕ್ತಿಯುತವಾಗಿಯೂ ಇರುವ ಎಂಜಿನ್ ಯಾರ ಹತ್ರ ಇದೆಯೋ ಅವರನ್ನು ಹಾರುವವರು ಹುಡುಕಿಕೊಂಡು ಬರ್ತಾರೆ. ಮೊದಲು ಏರ್‌ಶಿಪ್ ಹಾರಿಸುವವರು ಬಂದರು. 1907ರಲ್ಲಿ ಟೆಲಿಫೋನ್ ಖ್ಯಾತಿಯ ಅಲೆಕ್ಸಾಂಡರ್ ಗ್ರಹಾಂ ಬೆಲ್ ಅವರೇ ಕರೆದು, ತಮ್ಮ ಏರಿಯಲ್ ಎಕ್ಸ್‌ಪೆರಿಮೆಂಟ್ ಅಸೋಸಿಯೇಷನ್‌ಗೆ ಸೇರಿಸಿಕೊಂಡರು. ಐದು ಜನರ ಪುಟ್ಟ ಗುಂಪು ಅದು. 1908ರ ಜುಲೈ 4ರಂದು ಆ ಗುಂಪಿನ ಜೂನ್ ಬಗ್ ಎಂಬ ವಿಮಾನದಲ್ಲಿ ಕರ್ಟಿಸ್ ಜನರೆದುರು ಒಂದು ಕಿಲೋಮೀಟರಿಗೂ ಹೆಚ್ಚು ದೂರ ಹಾರಿ ಸೈಂಟಿಫಿಕ್ ಅಮೆರಿಕನ್ ಪತ್ರಿಕೆಯ ಟ್ರೋಫಿ ಗೆದ್ದ.

ಮೊದಲ ಸಲ ನೀರು ಗೆದ್ದಿತು

ಅದೇ ವರ್ಷ ನವೆಂಬರಿನಲ್ಲಿ ಗುಂಪಿಗೆ ಒಂದು ಯೋಚನೆ ಬಂತು. ಜೂನ್ ಬಗ್‌ನ ಕೆಳಗೆ ಎರಡು ಉದ್ದನೆಯ ತೇಲುಗಳನ್ನು ಕಟ್ಟಿ ಕ್ಯೂಕಾ ಸರೋವರಕ್ಕೆ ಇಳಿಸಿದರು. ಲೂನ್ ಅಂತ ನೀರುಹಕ್ಕಿಯ ಹೆಸರಿಟ್ಟರು. ಎಂಜಿನ್ ಅದೇ, ರೆಕ್ಕೆ ಅದೇ. ನೆಲದಿಂದ ಆರಾಮಾಗಿ ಏಳುತ್ತಿದ್ದ ವಿಮಾನ ನೀರಿನಿಂದ ಏಳಲೇ ಇಲ್ಲ. ಸರೋವರದ ಮೇಲೆ ಓಡಿತು, ನೀರು ಚಿಮ್ಮಿಸಿತು, ಅಷ್ಟೇ.

ಇದನ್ನು ಓದುವಾಗ ನಾವು ಒಬ್ಬರ ಮುಖ ಒಬ್ಬರು ನೋಡಿಕೊಂಡ್ವಿ. ನಮ್ಮ ಲ್ಯಾಪ್‌ಟಾಪ್‌ನಲ್ಲಿ ಆಗಿದ್ದೂ ಇದೇ ತಾನೆ.

ಮುಂದಿನ ಎರಡು ವರ್ಷ ಕರ್ಟಿಸ್ ನೆಲದ ಮೇಲಿನ ವಿಮಾನಗಳಿಂದಲೇ ದೊಡ್ಡ ಹೆಸರು ಮಾಡಿದ. 1909ರ ಆಗಸ್ಟಿನಲ್ಲಿ ಫ್ರಾನ್ಸಿನ ರೀಮ್ಸ್‌ನಲ್ಲಿ ಗಾರ್ಡನ್ ಬೆನೆಟ್ ಕಪ್ ರೇಸಿನಲ್ಲಿ ಬ್ಲೇರಿಯೋನನ್ನು ಕೆಲವೇ ಸೆಕೆಂಡುಗಳಲ್ಲಿ ಸೋಲಿಸಿದ. 1910ರ ಮೇ 29ರಂದು ಆಲ್ಬನಿಯಿಂದ ನ್ಯೂಯಾರ್ಕ್‌ವರೆಗೆ ಹಡ್ಸನ್ ನದಿಯ ಗುಂಟ ಹಾರಿ 10,000 ಡಾಲರ್ ಬಹುಮಾನ ಪಡೆದ. ಆ ವಿಮಾನಕ್ಕೂ, ನದಿಗೆ ಬಿದ್ದರೆ ಮುಳುಗದಿರಲಿ ಅಂತ ತೇಲುಗಳನ್ನು ಕಟ್ಟಿಕೊಂಡಿದ್ದ. ನೀರಿನ ವಿಷಯ ತಲೆಯಿಂದ ಹೋಗಿರಲಿಲ್ಲ.

ಅಷ್ಟರಲ್ಲಿ ಫ್ರಾನ್ಸಿನ ಆನ್ರಿ ಫಾಬ್ರ್ 1910ರ ಮಾರ್ಚ್ 28ರಂದು ನೀರಿನಿಂದ ಮೇಲೆದ್ದು ತೋರಿಸಿಬಿಟ್ಟಿದ್ದ. ಕರ್ಟಿಸ್ ಕ್ಯಾಲಿಫೋರ್ನಿಯಾದ ಸ್ಯಾನ್ ಡಿಯಾಗೋಗೆ ಹೋಗಿ ಕೂತ. ಹಲವು ಆಕಾರದ ತೇಲುಗಳನ್ನು ಮಾಡೋದು, ಕಟ್ಟೋದು, ಕೊಲ್ಲಿಗೆ ಇಳಿಸೋದು, ಏಳದಿದ್ದರೆ ಬಿಚ್ಚೋದು, ಮತ್ತೆ ಮಾಡೋದು. 1911ರ ಜನವರಿ 26ರಂದು ವಿಮಾನ ನೀರು ಬಿಟ್ಟು ಎದ್ದಿತು. ಫೆಬ್ರವರಿ 17ರಂದು ಕೊಲ್ಲಿಯಲ್ಲಿ ನಿಂತಿದ್ದ ಪೆನ್ಸಿಲ್ವೇನಿಯಾ ಎಂಬ ಯುದ್ಧನೌಕೆಯ ಪಕ್ಕ ಇಳಿದ. ಕ್ರೇನ್‌ನಿಂದ ಅವನ ವಿಮಾನವನ್ನು ಹಡಗಿಗೆ ಎತ್ತಿ, ಮತ್ತೆ ನೀರಿಗೆ ಬಿಟ್ಟರು, ಅವನು ಹಾರಿ ವಾಪಸ್ ಹೋದ. ಅದೇ ವರ್ಷ ಅಮೆರಿಕದ ನೌಕಾಪಡೆ ತನ್ನ ಮೊದಲ ವಿಮಾನವನ್ನು ಕರ್ಟಿಸ್‌ನಿಂದಲೇ ಕೊಂಡಿತು.

ಕಾಫಿ ಲೋಟದ ಅಂಚು

ತೇಲು ಕಟ್ಟಿದ ವಿಮಾನ ಸಮುದ್ರದ ಅಲೆಗೆ ತಡೆಯಲ್ಲ. ವಿಮಾನದ ಹೊಟ್ಟೆಯೇ ದೋಣಿಯಾದರೆ? 1912ರ ಬೇಸಿಗೆಯಲ್ಲಿ ಕರ್ಟಿಸ್ ಅಂಥದ್ದೊಂದನ್ನು ಕಟ್ಟಿ ಕ್ಯೂಕಾ ಸರೋವರಕ್ಕೆ ಇಳಿಸಿದ. ನೀರಿನ ಮೇಲೆ ಚೆನ್ನಾಗಿ ಓಡಿತು, ಆದರೆ ಏಳಲಿಲ್ಲ. ನಾಲ್ಕು ವರ್ಷದ ಹಿಂದಿನ ಲೂನ್ ಕಥೆಯೇ ಮತ್ತೆ.

ಎಂಜಿನ್ ಸಾಲದು ಅಂದುಕೊಂಡು ದೊಡ್ಡ ಎಂಜಿನ್ ಹಾಕೋದು ಸುಲಭದ ದಾರಿಯಾಗಿತ್ತು. ಎಂಜಿನ್ ಮಾಡೋದೇ ಅವನ ಕಸುಬು ಬೇರೆ. ಕರ್ಟಿಸ್ ಹಾಗೆ ಮಾಡಲಿಲ್ಲ. ವಿಮಾನವನ್ನು ಓಡಿಸಲು ಬೇರೆಯವರಿಗೆ ಕೊಟ್ಟು, ತಾನು ಮೋಟಾರ್ ಬೋಟಿನಲ್ಲಿ ಅದರ ಪಕ್ಕದಲ್ಲೇ ಹೋಗುತ್ತಾ ದೋಣಿಯ ತಳವನ್ನು ನೋಡುತ್ತಾ ಕೂತ. ನೀರು ತಳಕ್ಕೆ ಎಲ್ಲಿ ತಾಗುತ್ತೆ, ಎಲ್ಲಿ ಬಿಡುತ್ತೆ ಅಂತ. ಅದು ಎಲ್ಲೂ ಬಿಡುತ್ತಿರಲಿಲ್ಲ!

ಯಾಕೆ ಅನ್ನೋದಕ್ಕೆ ಲ್ಯಾಬ್ ಬೇಕಿಲ್ಲ, ಮೆಸ್ಸಿನಲ್ಲೇ ನೋಡಬಹುದು. ಅಂಚಿಲ್ಲದ ಲೋಟದಿಂದ ಕಾಫಿಯನ್ನು ನಿಧಾನಕ್ಕೆ ಬಗ್ಗಿಸಿ ನೋಡಿ. ಕಾಫಿ ಸೀದಾ ಕೆಳಗೆ ಬೀಳದೆ ಲೋಟದ ಹೊರಮೈಗೆ ಅಂಟಿಕೊಂಡು ಇಳಿದು ಕೈಯೆಲ್ಲ ರಾಡಿ ಮಾಡುತ್ತೆ. ಚೂಪಾದ ಅಂಚು ಹೊರಗೆ ಚಾಚಿರುವ ಲೋಟದಲ್ಲಾದರೆ ಕತ್ತರಿಸಿದ ಹಾಗೆ ಬೀಳುತ್ತೆ. ಬಾಗಿದ ಮೈ ಸಿಕ್ಕರೆ ಹರಿಯುವ ದ್ರವ ಅದನ್ನೇ ಹಿಡಿದುಕೊಂಡು ಹೋಗುತ್ತೆ. ಹಾಗೆ ಹೋಗುವಾಗ ಅಲ್ಲಿ ಒತ್ತಡ ಕಡಿಮೆಯಾಗಿ ಆ ಮೈಯನ್ನು ತನ್ನ ಕಡೆ ಎಳೆದುಕೊಳ್ಳುತ್ತೆ. ಹರಿಯುವ ನಲ್ಲಿ ನೀರಿಗೆ ಚಮಚದ ಬೆನ್ನು ತಾಗಿಸಿದರೆ ಚಮಚವನ್ನು ನೀರು ಒಳಗೆ ಎಳೆಯೋದು ನಿಮ್ಮ ಬೆರಳಿಗೇ ಗೊತ್ತಾಗುತ್ತೆ.

ದೋಣಿಯ ತಳ ಬಾಲದ ಕಡೆಗೆ ಮೇಲಕ್ಕೆ ಬಾಗಿರುತ್ತೆ. ನೀರು ಆ ಬಾಗಿಗೆ ಅಂಟಿ ಬಾಲವನ್ನು ಕೆಳಗೆ ಹಿಡಿದುಕೊಳ್ಳುತ್ತೆ. ಎಂಜಿನ್ ಎಷ್ಟು ಎಳೆದರೂ ನೀರು ಬಿಡಲ್ಲ. ಕರ್ಟಿಸ್ ಮತ್ತು ಅವನ ಕಡೆಯವರು ತಳಕ್ಕೆ ಮರದ ತುಂಡುಗಳನ್ನು ಹೊಡೆದು, ಮಧ್ಯದಲ್ಲಿ ತಳ ಥಟ್ಟನೆ ಕಡಿದು ಒಂದು ಮೆಟ್ಟಿಲಿನಷ್ಟು ಮೇಲೆ ಹೋಗುವಂತೆ ಮಾಡಿದರು. ಅಂದ್ರೆ ಲೋಟಕ್ಕೆ ಅಂಚು ಮಾಡಿದರು. ನೀರು ಆ ಅಂಚಿನಲ್ಲಿ ಕಡಿದುಹೋಯಿತು, ಸಂದಿಯಲ್ಲಿ ಗಾಳಿ ನುಗ್ಗಿತು, ಹಿಂಭಾಗ ಒಣಗಿತು. ದೋಣಿ ಎದ್ದಿತು. ಇಂದಿಗೂ ಯಾವ ಫ್ಲೈಯಿಂಗ್ ಬೋಟ್ ನೋಡಿದರೂ ಹೊಟ್ಟೆಯ ಕೆಳಗೆ ಈ ಸ್ಟೆಪ್ ಕಾಣುತ್ತೆ. ಇದಕ್ಕೆ ಕರ್ಟಿಸ್‌ಗೆ 1912ರ ಕಾಲಿಯರ್ ಟ್ರೋಫಿ ಬಂತು. ಹಿಂದಿನ ವರ್ಷವೂ ತೇಲು ವಿಮಾನಕ್ಕಾಗಿ ಅವನಿಗೇ ಬಂದಿತ್ತು.

ಇಲ್ಲಿ ನಿಂತು ಸಿಮ್ಯುಲೇಟರ್ ಕಡೆ ನೋಡೋಣ. ಮನೆಯಲ್ಲಿ ಆಡುವ ಸಿಮ್ಯುಲೇಟರ್ ಗಾಳಿಯ ಲೆಕ್ಕವನ್ನು ಚೆನ್ನಾಗಿ ಮಾಡುತ್ತೆ. ನೀರಿನ ವಿಷಯಕ್ಕೆ ಬಂದರೆ ಸಾಮಾನ್ಯವಾಗಿ ವಿಮಾನದ ಕೆಳಗೆ ಕೆಲವು ಚುಕ್ಕೆಗಳನ್ನು ಗುರುತು ಮಾಡಿರುತ್ತಾರೆ, ಕಾಂಟ್ಯಾಕ್ಟ್ ಪಾಯಿಂಟ್ ಅಂತ. ಪ್ರತಿ ಚುಕ್ಕೆಗೂ ಒಂದು ಸ್ಪ್ರಿಂಗ್, ಒಂದು ಡ್ಯಾಂಪರ್. ನೆಲದ ಮೇಲಿನ ಚಕ್ರಕ್ಕೆ ಹಾಕುವ ಲೆಕ್ಕವೇ, ನಂಬರ್ ಮಾತ್ರ ಬೇರೆ. ತೇಲೋದಕ್ಕೆ ಇಷ್ಟು ಸಾಕು, ಕಂಪ್ಯೂಟರ್‌ಗೂ ಭಾರ ಆಗಲ್ಲ. ಆದರೆ ನೀರು ಗಾಳಿಗಿಂತ ಸುಮಾರು 800 ಪಟ್ಟು ಸಾಂದ್ರ. ನಿಧಾನಕ್ಕೆ ಹೋಗುವಾಗ ದೋಣಿ ತಾನೇ ಎಬ್ಬಿಸಿದ ಅಲೆಯನ್ನು ತಾನೇ ಹತ್ತಬೇಕು. ಆ ದಿಣ್ಣೆಗೆ ಹಂಪ್ ಅಂತಾರೆ, ಪ್ರತಿರೋಧ ಅತಿ ಹೆಚ್ಚಿರುವುದು ಅಲ್ಲೇ. ದಿಣ್ಣೆ ದಾಟಿದರೆ, ಕೆರೆ ಮೇಲೆ ಚಪ್ಪಟೆ ಕಲ್ಲನ್ನು ಜಾರಿಸಿ ಎಸೆದಾಗ ಜಿಗಿಯುತ್ತಲ್ಲ, ಹಾಗೆ ದೋಣಿ ನೀರಿನ ಮೇಲ್ಮೈಗೆ ಬಂದು ಸ್ಟೆಪ್ ಮೇಲೆ ಜಾರತೊಡಗುತ್ತೆ. ಆಗ ಮೂಗು ಸ್ವಲ್ಪ ಹೆಚ್ಚೋ ಕಡಿಮೆಯೋ ಆದರೆ ಕುದುರೆ ಕುಣಿದ ಹಾಗೆ ಮುಂದೆ ಹಿಂದೆ ತೂಗಾಡುತ್ತೆ, ಇದಕ್ಕೆ ಪೊರ್ಪಾಯ್ಸಿಂಗ್ ಅಂತ ಹೆಸರು. ಅಲೆಯೇ ಇಲ್ಲದ ಕನ್ನಡಿಯಂಥ ನೀರಿನಿಂದ ಏಳೋದು ಇನ್ನೂ ಕಷ್ಟ. ನಿಜವಾದ ಪೈಲಟ್‌ಗಳು ಅಂಥ ದಿನ ಒಂದು ಸುತ್ತು ಓಡಿಸಿ, ತಾವೇ ಅಲೆ ಎಬ್ಬಿಸಿ, ಅದರ ಮೇಲೆ ಓಡಿ ಏಳ್ತಾರೆ. ಸ್ಪ್ರಿಂಗಿನ ನಾಲ್ಕು ಚುಕ್ಕೆಗೆ ಇದೆಲ್ಲ ತಾನಾಗಿ ಬರಲ್ಲ. ಮಾಡೆಲ್ ಮಾಡುವವರು ಒಂದೊಂದನ್ನೂ ಕೂತು ಸೇರಿಸಬೇಕು.

ಒಂದೇ ಬೇಸಿಗೆ, ಎರಡು ಯಂತ್ರ

1914ರ ಬೇಸಿಗೆಯಲ್ಲಿ ಕ್ಯೂಕಾ ಸರೋವರದಲ್ಲಿ ಕರ್ಟಿಸ್‌ನ ಕೈಯಲ್ಲಿ ಎರಡು ಯಂತ್ರಗಳಿದ್ದವು.

ಒಂದು ಅಮೆರಿಕ ಎಂಬ ಹೆಸರಿನ ದೊಡ್ಡ ಫ್ಲೈಯಿಂಗ್ ಬೋಟ್. ಎರಡು ಎಂಜಿನ್. ಅಟ್ಲಾಂಟಿಕ್ ಸಾಗರವನ್ನು ದಾಟಲಿ ಅಂತ ರಾಡ್ಮನ್ ವಾನಮೇಕರ್ ಎಂಬ ಶ್ರೀಮಂತ ವ್ಯಾಪಾರಿ ಹಣ ಹಾಕಿದ್ದ. ಪೈಲಟ್ ಬ್ರಿಟಿಷ್ ನೌಕಾಪಡೆಯ ಜಾನ್ ಸಿರಿಲ್ ಪೋರ್ಟ್. ಜೂನ್ 22ರಂದು ಹೆಸರಿಟ್ಟು ನೀರಿಗೆ ಬಿಟ್ಟರು. ಥ್ರಾಟಲ್ ಕೊಟ್ಟ ತಕ್ಷಣ ಮೂಗು ನೀರೊಳಗೆ ಹೋಗತೊಡಗಿತು. ಎಂಜಿನ್‌ಗಳು ಎತ್ತರದಲ್ಲಿದ್ದವು, ಅವುಗಳ ತಳ್ಳು ಮೂಗನ್ನು ಕೆಳಗೆ ಒತ್ತುತ್ತಿತ್ತು. ಮತ್ತೆ ಅದೇ ತಾಳ್ಮೆಯ ಕೆಲಸ. ಮೂಗಿನ ಎರಡೂ ಬದಿಗೆ ರೆಕ್ಕೆಯಂಥ ಹಲಗೆ ಜೋಡಿಸೋದು, ಓಡಿಸೋದು, ನೋಡೋದು, ಬಿಚ್ಚೋದು, ಇನ್ನೊಂದು ಆಕಾರ. ಸರಿಹೋಗುವಷ್ಟರಲ್ಲಿ ಆಗಸ್ಟ್ ಬಂತು, ಯುದ್ಧ ಶುರುವಾಯಿತು, ಅಟ್ಲಾಂಟಿಕ್ ಹಾರಾಟ ರದ್ದಾಯಿತು. ಆ ದೋಣಿಯನ್ನು ಬ್ರಿಟಿಷ್ ನೌಕಾಪಡೆ ಕೊಂಡುಕೊಂಡಿತು. ಪೋರ್ಟ್ ಫೆಲಿಕ್ಸ್‌ಸ್ಟೋದಲ್ಲಿ ಕೂತು ಅದರ ತಳವನ್ನು ಇನ್ನೂ ತಿದ್ದಿ, ಉತ್ತರ ಸಮುದ್ರದಲ್ಲಿ ಗಸ್ತು ತಿರುಗುವ ಫ್ಲೈಯಿಂಗ್ ಬೋಟ್‌ಗಳನ್ನು ಮಾಡಿದ.

ಎರಡನೆಯ ಯಂತ್ರದ ಕಥೆ ಬೇರೆ. ರೈಟ್ ಸಹೋದರರು 1909ರಲ್ಲೇ ಕರ್ಟಿಸ್ ಮೇಲೆ ಪೇಟೆಂಟ್ ಕೇಸು ಹಾಕಿದ್ದರು. ಅವರು ರೆಕ್ಕೆಯನ್ನೇ ತಿರುಚಿ ವಿಮಾನವನ್ನು ವಾಲಿಸುತ್ತಿದ್ದರು, ಕರ್ಟಿಸ್ ಬೇರೆ ಪುಟ್ಟ ರೆಕ್ಕೆಗಳನ್ನು, ಅಂದ್ರೆ ಐಲೆರಾನ್‌ಗಳನ್ನು ಬಳಸುತ್ತಿದ್ದ. ತತ್ವ ನಮ್ಮದೇ ಅನ್ನೋದು ರೈಟ್ ಅವರ ವಾದ. 1914ರ ಜನವರಿಯಲ್ಲಿ ಕೋರ್ಟ್ ಕರ್ಟಿಸ್ ವಿರುದ್ಧ ತೀರ್ಪು ಕೊಟ್ಟಿತು. ಆಗ ಸ್ಮಿತ್‌ಸೋನಿಯನ್ ಸಂಸ್ಥೆ ಸ್ಯಾಮ್ಯುಯೆಲ್ ಲ್ಯಾಂಗ್ಲಿಯ ಹಳೆಯ ಏರೋಡ್ರೋಮ್ ಯಂತ್ರವನ್ನು ಹಾರಿಸಿ ನೋಡಲು ಕರ್ಟಿಸ್‌ಗೆ ಕೊಟ್ಟಿತು. ಲ್ಯಾಂಗ್ಲಿ ಆ ಸಂಸ್ಥೆಯ ಮುಖ್ಯಸ್ಥರಾಗಿದ್ದವರು. ಅವರ ಯಂತ್ರ 1903ರಲ್ಲಿ, ರೈಟ್ ಸಹೋದರರು ಹಾರುವ ಮೊದಲು, ಎರಡು ಸಲ ಪೊಟೊಮ್ಯಾಕ್ ನದಿಗೆ ಬಿದ್ದಿತ್ತು. ಅದಕ್ಕೆ ಹಾರುವ ಸಾಮರ್ಥ್ಯ ಇತ್ತು ಅಂತ ತೋರಿಸಿದರೆ ಸಂಸ್ಥೆಗೆ ಮಾನ ಉಳಿಯುತ್ತೆ, ಕರ್ಟಿಸ್‌ಗೆ ಕೋರ್ಟಿನಲ್ಲಿ ಅನುಕೂಲ ಆಗುತ್ತೆ.

ಮೇ 28ರಂದು ಆ ಯಂತ್ರ ಕ್ಯೂಕಾ ನೀರಿನಿಂದ ಸ್ವಲ್ಪ ದೂರ ಹಾರಿತು. ಆದರೆ ಅದು 1903ರ ಯಂತ್ರವಾಗಿ ಉಳಿದಿರಲಿಲ್ಲ. ರೆಕ್ಕೆಯ ಬಾಗು ಬದಲಾಗಿತ್ತು, ಆಧಾರದ ತಂತಿಗಳು ಬದಲಾಗಿದ್ದವು, ಕೆಳಗೆ ತೇಲುಗಳು ಬಂದಿದ್ದವು, ಮುಂದಿನ ಹಾರಾಟಗಳಲ್ಲಿ ಎಂಜಿನ್ ಕೂಡ ಕರ್ಟಿಸ್‌ನದೇ. ಹಾಗಿದ್ದರೂ ಮ್ಯೂಸಿಯಂನಲ್ಲಿ ಅದನ್ನು ಹಾರಲು ಶಕ್ತವಾಗಿದ್ದ ಮೊದಲ ವಿಮಾನ ಅಂತ ಬೋರ್ಡ್ ಹಾಕಿ ಇಟ್ಟರು. ಆರ್ವಿಲ್ ರೈಟ್ ಬೇಸತ್ತು 1928ರಲ್ಲಿ ತಮ್ಮ ನಿಜವಾದ ವಿಮಾನವನ್ನು ಲಂಡನ್ನಿನ ಮ್ಯೂಸಿಯಂಗೆ ಕಳಿಸಿಬಿಟ್ಟರು. ಏನೇನು ಬದಲಾಯಿಸಿದ್ದೆವು ಅಂತ ಸ್ಮಿತ್‌ಸೋನಿಯನ್ ಪಟ್ಟಿ ಕೊಟ್ಟು ಒಪ್ಪಿಕೊಂಡಿದ್ದು 1942ರಲ್ಲಿ. ವಿಮಾನ ವಾಷಿಂಗ್ಟನ್‌ಗೆ ಬಂದಿದ್ದು 1948ರ ಕೊನೆಯಲ್ಲಿ. ಆ ವರ್ಷದ ಜನವರಿಯಲ್ಲೇ ಆರ್ವಿಲ್ ತೀರಿಕೊಂಡಿದ್ದರು.

ಇದನ್ನು ಓದಿ ನಾವು ಸ್ವಲ್ಪ ಹೊತ್ತು ಸುಮ್ಮನಾದ್ವಿ. ಯಾಕಂದ್ರೆ ನಾವು ಸಾಚಾ ಅಲ್ಲ. ಹೋದ ತಿಂಗಳು ಆರಿಫೈಸ್ ಪ್ರಯೋಗದಲ್ಲಿ ನಮಗೆ ಡಿಸ್ಚಾರ್ಜ್ ಕೋಎಫಿಷಿಯೆಂಟ್ 0.54 ಬಂದಿತ್ತು. ಪುಸ್ತಕದಲ್ಲಿ 0.62 ಇದೆ. ಸೀನಿಯರ್ ರೆಕಾರ್ಡ್ ಪಕ್ಕದಲ್ಲಿಟ್ಟುಕೊಂಡು, 0.62 ಬರೋ ಹಾಗೆ ಟೈಮ್ ರೀಡಿಂಗ್‌ಗಳನ್ನು ಹಿಂದಿನಿಂದ ಮುಂದಕ್ಕೆ ಲೆಕ್ಕ ಹಾಕಿ ಬರೆದು ಸೈನ್ ಹಾಕಿಸಿಕೊಂಡಿದ್ವಿ. ಬೇಕಾದ ಉತ್ತರ ಮೊದಲು, ಪ್ರಯೋಗ ಆಮೇಲೆ. ಕರ್ಟಿಸ್ ಆ ಬೇಸಿಗೆಯಲ್ಲಿ ಮಾಡಿದ್ದೂ ಇದನ್ನೇ. ಸರೋವರ ಅದೇ, ಮನುಷ್ಯ ಅವನೇ. ಅಮೆರಿಕ ದೋಣಿಯ ಹತ್ರ ನೀರನ್ನು ಏನಾಗ್ತಿದೆ ಅಂತ ಕೇಳಿದ, ಏರೋಡ್ರೋಮ್ ಹತ್ರ ತನಗೆ ಬೇಕಾದ್ದನ್ನು ಹೇಳಿಸಿದ.

ಸಾಗರ ದಾಟಿದ ಮೇಲೆ

ಪೇಟೆಂಟ್ ಜಗಳ ಮುಗಿದಿದ್ದು 1917ರಲ್ಲಿ. ಅಮೆರಿಕ ಯುದ್ಧಕ್ಕಿಳಿದಾಗ ಸರ್ಕಾರದ ಒತ್ತಾಯಕ್ಕೆ ಕಂಪನಿಗಳೆಲ್ಲ ಪೇಟೆಂಟ್‌ಗಳನ್ನು ಹಂಚಿಕೊಳ್ಳುವ ಒಪ್ಪಂದ ಮಾಡಿಕೊಂಡವು. ಕರ್ಟಿಸ್ ಕಂಪನಿಯ ಜೆಎನ್-4 ಜೆನ್ನಿ ತರಬೇತಿ ವಿಮಾನಗಳು ಸಾವಿರಾರು ತಯಾರಾದವು, ಅಮೆರಿಕದ ಒಂದು ಇಡೀ ತಲೆಮಾರು ಅದರಲ್ಲೇ ಹಾರೋದು ಕಲಿಯಿತು.

1914ರ ಕನಸು 1919ರಲ್ಲಿ ನನಸಾಯಿತು. ನೌಕಾಪಡೆ ಮತ್ತು ಕರ್ಟಿಸ್ ಸೇರಿ ಕಟ್ಟಿದ ಎನ್‌ಸಿ ದೋಣಿಗಳ ತಳವನ್ನು ನೌಕಾಪಡೆಯ ಹೋಲ್ಡನ್ ರಿಚರ್ಡ್‌ಸನ್ ವಿನ್ಯಾಸ ಮಾಡಿದ್ದ. ಅದರ ಪುಟ್ಟ ಮಾದರಿಗಳನ್ನು ವಾಷಿಂಗ್ಟನ್ನಿನಲ್ಲಿ ಉದ್ದನೆಯ ನೀರಿನ ತೊಟ್ಟಿಯಲ್ಲಿ ಎಳೆದು ಬಲಗಳನ್ನು ಅಳೆದಿದ್ದರು. ಒಂದು ಲೆಕ್ಕದಲ್ಲಿ ಅದೂ ಸಿಮ್ಯುಲೇಟರೇ, ಆದರೆ ನೀರು ಮಾತ್ರ ನಿಜ. ಮೇ 8ರಂದು ಮೂರು ದೋಣಿಗಳು ನ್ಯೂಯಾರ್ಕ್‌ನಿಂದ ಹೊರಟವು. ಎನ್‌ಸಿ-1 ಸಮುದ್ರಕ್ಕೆ ಇಳಿದು, ಸಿಬ್ಬಂದಿ ಪಾರಾದರೂ, ಕೊನೆಗೆ ಮುಳುಗಿತು. ಎನ್‌ಸಿ-3 ಕೂಡ ಇಳಿಯಿತು, ಮತ್ತೆ ಏಳಲಾಗಲಿಲ್ಲ. ಅದು ಎರಡು ದಿನಕ್ಕೂ ಹೆಚ್ಚು ಕಾಲ, ಸುಮಾರು 200 ನಾಟಿಕಲ್ ಮೈಲಿ ಅಲೆಗಳ ಮೇಲೆ ದೋಣಿಯಾಗಿಯೇ ಸಾಗಿ ಅಝೋರ್ಸ್ ದ್ವೀಪ ಮುಟ್ಟಿತು. ಎನ್‌ಸಿ-4 ಮೇ 27ರಂದು ಲಿಸ್ಬನ್ ಸೇರಿ, ಅಟ್ಲಾಂಟಿಕ್ ದಾಟಿದ ಮೊದಲ ವಿಮಾನವಾಯಿತು.

ಕರ್ಟಿಸ್ ನಂತರ ನಿಧಾನಕ್ಕೆ ವಿಮಾನಗಳಿಂದ ದೂರ ಸರಿದು ಫ್ಲೋರಿಡಾದಲ್ಲಿ ಊರು ಕಟ್ಟಿಸುವ ಕೆಲಸಕ್ಕೆ ಇಳಿದ. ಹಯಲೀಯಾ, ಮಯಾಮಿ ಸ್ಪ್ರಿಂಗ್ಸ್, ಓಪಾ-ಲಾಕಾ ಊರುಗಳು ಅವನ ಯೋಜನೆಗಳೇ. 1929ರಲ್ಲಿ ಅವನ ಹೆಸರಿನ ಕಂಪನಿ ರೈಟ್ ಹೆಸರಿನ ಕಂಪನಿಯ ಜೊತೆ ಸೇರಿ ಕರ್ಟಿಸ್-ರೈಟ್ ಆಯಿತು. ಮರುವರ್ಷ ಜುಲೈ 23ರಂದು, ಅಪೆಂಡಿಕ್ಸ್ ಆಪರೇಷನ್ ನಂತರದ ತೊಂದರೆಯಿಂದ ಕರ್ಟಿಸ್ ತೀರಿಕೊಂಡ. ವಯಸ್ಸು 52. ಅವನನ್ನು ಮಣ್ಣು ಮಾಡಿದ್ದು ಹುಟ್ಟೂರು ಹ್ಯಾಮಂಡ್ಸ್‌ಪೋರ್ಟ್‌ನಲ್ಲೇ.

ನಮ್ಮ ಕಡೆಗೂ ಈ ಕಥೆಯ ಒಂದು ಎಳೆ ಬರುತ್ತೆ. 1942ರಲ್ಲಿ ಬೆಂಗಳೂರಿನ ಹಿಂದೂಸ್ತಾನ್ ಏರ್‌ಕ್ರಾಫ್ಟ್‌ನಲ್ಲಿ ಜೋಡಿಸಿ ಹಾರಿಸಿದ ಹಾಕ್ ಯುದ್ಧವಿಮಾನ ಕರ್ಟಿಸ್ ಕಂಪನಿಯದೇ ವಿನ್ಯಾಸ. ಅದೇ ಯುದ್ಧಕಾಲದಲ್ಲಿ ಅಲ್ಲಿಗೆ ರಿಪೇರಿಗೆ ಬರುತ್ತಿದ್ದ ಕ್ಯಾಟಲಿನಾ ಫ್ಲೈಯಿಂಗ್ ಬೋಟ್‌ಗಳು ಬೆಳ್ಳಂದೂರು ಕೆರೆ ಮೇಲೆ ಇಳಿಯುತ್ತಿದ್ದವು. ಕ್ಯಾಟಲಿನಾ ಬೇರೆ ಕಂಪನಿಯದು, ಆದರೆ ಅದರ ಹೊಟ್ಟೆಯ ಕೆಳಗೂ ಅದೇ ಮೆಟ್ಟಿಲು. ಈಗ ನೊರೆಗೆ ಹೆಸರಾಗಿರುವ ಕೆರೆಯ ಮೇಲೆ ವಿಮಾನ ಇಳಿಯುತ್ತಿತ್ತು ಅಂದ್ರೆ ನಂಬೋಕೇ ಕಷ್ಟ.

ಕೊನೆಗೆ ನಮ್ಮ ಕಥೆ. ಆರಿಫೈಸ್ ಪ್ರಯೋಗ ಮತ್ತೆ ಮಾಡೋಕೆ ಬಿಡಿ ಅಂತ ಸರ್‌ನ ಕೇಳಿದ್ವಿ. ಯಾಕೆ ಅಂತ ಹೇಳಬೇಕಾಯ್ತು, ಹೇಳಿದ್ವಿ. ಬೈಸಿಕೊಂಡ್ವಿ. ಮತ್ತೆ 0.55 ಬಂತು. ಈ ಸಲ ತಿದ್ದದೆ ಹಾಗೇ ತೋರಿಸಿದ್ವಿ. ಸರ್ ಸೆಟಪ್ ಹತ್ರ ಬಂದು ನೋಡಿದರೆ, ಕಲೆಕ್ಟಿಂಗ್ ಟ್ಯಾಂಕಿನ ಕೆಳಗಿನ ವಾಲ್ವ್ ಪೂರ್ತಿ ಮುಚ್ಚುತ್ತಿರಲಿಲ್ಲ, ನೀರು ಸೋರುತ್ತಿತ್ತು. ಎಷ್ಟು ಬ್ಯಾಚ್‌ಗಳಿಂದ ಸೋರುತ್ತಿತ್ತೋ ಗೊತ್ತಿಲ್ಲ. ಎಲ್ಲರ ರೆಕಾರ್ಡಿನಲ್ಲೂ 0.62 ಇದೆ.

ಆ ಹವ್ಯಾಸಿಯ ಮಾಡೆಲ್ ಕೂಡ ಈಗ ಹಾರುತ್ತೆ. ಮೊದಲು ಸ್ಟಿಕ್ ಪೂರ್ತಿ ಹಿಂದಕ್ಕೆ ಹಿಡಿದು ದಿಣ್ಣೆ ಹತ್ತಿಸಬೇಕು, ದೋಣಿ ಮೇಲೆ ಬಂದಾಗ ಮೆಲ್ಲಗೆ ಮುಂದಕ್ಕೆ ಬಿಟ್ಟು ಸ್ಟೆಪ್ ಮೇಲೆ ಕೂರಿಸಬೇಕು, ವೇಗ ಬಂದ ಮೇಲೆ ಚೂರೇ ಚೂರು ಎಳೆಯಬೇಕು. ನಮಗೆ ಹನ್ನೊಂದು ಸಲ ಆಗಲಿಲ್ಲ, ಹನ್ನೆರಡನೇ ಸಲ ಎದ್ದಿತು. ನೀವೂ ನೋಡಬೇಕಂದ್ರೆ ಯಾವತ್ತಾದರೂ ರಾತ್ರಿ ಊಟ ಆದ ಮೇಲೆ ರೂಮಿಗೆ ಬನ್ನಿ. ಜಾಯ್‌ಸ್ಟಿಕ್ ಒಂದೇ ಇದೆ, ಸರದಿಯಲ್ಲಿ ಕೂರಬೇಕಾಗುತ್ತೆ.